ರಾವಿಲೆ

ಮಲಯಾಳದಲ್ಲಿ ರಾವಿಲೆ ಅಂದರೆ ಬೆಳಗ್ಗೆ.
ತುಳುವಿನ, ಕನ್ನಡದ ಕಿವಿಗೆ ಮಾತ್ರ
ಆ ಮಾತಿನೊಳಗೆ ರಾತ್ರಿ ಕೂತಿದೆ.

ರಾವಿಲೆ ಇಪ್ಪತ್ತನಾಲ್ಕು, ವೈಗಿಟ್ಟು ಎಂಟು
ಎಂದರು ಪಾಲಾ ಕಡೆಯ ರೋಸಿಲಿ ಸಿಸ್ಟರು,
ಎರಡೆರಡು ಸಲ, ಬೆರಳು ಮಡಚಿ.
ಕಮಲಾಕ್ಷಕ್ಕ ತಲೆಯಾಡಿಸಿದರು.
ಕುಂಬಳೆಯ ಸರಕಾರಿ ಆಸ್ಪತ್ರೆಯ ಸಾಲಿನಲ್ಲಿ
ತಲೆಯಾಡಿಸಿದ್ದಕ್ಕೆ ಅರ್ಥ ಇಷ್ಟೇ:
ಹಿಂದೆ ಜನ ನಿಂತಿದ್ದಾರೆ, ಬಸ್ಸು ಹೊರಡುತ್ತದೆ.

ಮದ್ದಿನ ಕಿಂಡಿಯೊಳಗಿಂದ ನಾನದನ್ನು ನೋಡಿದೆ.
ನನಗೆ ನಾಲ್ಕು ಭಾಷೆ ಬರುತ್ತದೆ.
ಒಂದರಲ್ಲೂ ಬಾಯಿ ತೆರೆಯಲಿಲ್ಲ.

ಬೀಡಿ ಕಟ್ಟುವ ಕೈ ಅದು,
ಸಾವಿರಕ್ಕೆ ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ.
ಅಕ್ಷರ ಬಾರದು, ಅಂಕಿ ಬಾಯಿಪಾಠ.
ಸಿರಿಂಜಿನ ಗೆರೆಗೆ ಕೂದಲೆಳೆಯಷ್ಟೂ ತಪ್ಪದೆ
ಇಪ್ಪತ್ತನಾಲ್ಕು ಎಳೆದುಕೊಂಡರು, ರಾತ್ರಿ.
ಒಂದು ಮಾತು ರಾತ್ರಿಯಾದರೆ
ಉಳಿದದ್ದು ಬೆಳಗ್ಗೆ ಆಗಲೇಬೇಕಲ್ಲ?
ಲೆಕ್ಕ ಸರಿ. ಹೊತ್ತು ತಿರುವು ಮುರುವು.

ಎರಡು ಗಂಟೆಗೆ ಮೊಮ್ಮಗ ಆಟೋದಲ್ಲಿ ತಂದ.
ಸೀರೆ ಹಿಂಡಿದರೆ ನೀರು ಬರುವಷ್ಟು ಬೆವರು,
ಕರೆದರೆ ಓಗೊಡದ ಕಣ್ಣು.
ಗ್ಲೂಕೋಸು ಇಳಿದು ಇಳಿದು
ಕೋಳಿ ಕೂಗುವ ಹೊತ್ತಿಗೆ ಅಕ್ಕ ಕೇಳಿದ್ದು:
ನನ್ನ ಬೀಡಿಯ ಮೊರ ಎಲ್ಲಿ?

ಮರುದಿನ ಎಲ್ಲರೂ ನೆಲ ನೋಡಿ ನಿಂತೆವು.
ಇಂಥ ಹೊತ್ತಿಗೆ ಮೆಮೊ ಕೊಡಲು ಒಂದು ತಲೆ ಬೇಕು,
ರೋಸಿಲಿ ಸಿಸ್ಟರು ತನ್ನದನ್ನು ಆಗಲೇ ಬಗ್ಗಿಸಿದ್ದರು.
ಡಾಕ್ಟರ್ ಮುಹ್ಸಿನಾ ಕುರ್ಚಿ ಎಳೆದು ಕೂತು
ಚೀಟಿ ಬಿಡಿಸಿ ಎಂದರು:
ನಾನು ಕಮಲಾಕ್ಷಕ್ಕ. ಈಗ ನನಗೆ ಹೇಳಿ.
ಸಿಸ್ಟರು ಹೇಳಿದರು: ರಾವಿಲೆ...
ಬಾಗಿಲ ಬಳಿ ಬಕೆಟ್ ಹಿಡಿದಿದ್ದ ಐತ್ತಪ್ಪಣ್ಣ
ತನ್ನಷ್ಟಕ್ಕೆ ಅಂದ: ರಾತ್ರಿ.

ನಾವು ತಿರುಗಿದೆವು.
ಎರಡು ಮಳೆಗಾಲದ ಹಿಂದೆ, ಅಂದ,
ಸೀತಾಂಗೋಳಿಯಲ್ಲಿ, ನನ್ನ ನೆರೆಮನೆಯವರಿಗೆ ಹೀಗೇ ಆಯಿತು.
ಅವರಿಗೆ ಬೆಳಗಾಗಲಿಲ್ಲ.
ನನ್ನಲ್ಲಿ ಯಾರು ಕೇಳ್ತಾರೆ,
ನಾನು ನೆಲ ಒರೆಸುವವ.

ಆವತ್ತೇ ಒಂದು ಪುಸ್ತಕ ಬಂತು,
ಹಳೆಯ ಹೆರಿಗೆ ರಿಜಿಸ್ಟರಿನ ಖಾಲಿ ಹಾಳೆಗಳದ್ದು,
ಬ್ಯಾಂಡೇಜಿನ ಬಟ್ಟೆಯಲ್ಲಿ ಮೇಜಿನ ಕಾಲಿಗೆ ಕಟ್ಟಿ.
ಜಾರಿದ್ದು, ಜಾರಲಿದ್ದದ್ದು ಅದರಲ್ಲಿ ಬರೆಯಬೇಕು,
ಲಿಪಿ ಯಾವುದಾದರೂ ಆಗಬಹುದು.
ಮೊದಲ ಪುಟ ಐತ್ತಪ್ಪಣ್ಣನದು; ಅವ ಹೇಳಿದ, ನಾನು ಬರೆದೆ.
ನನ್ನದಕ್ಕೆ ಹತ್ತೊಂಬತ್ತು ದಿನ ಹಿಡಿಯಿತು.
ಇದ್ದದ್ದು ಎರಡೇ ಮಾತು:
ಕಂಡೆ. ಸುಮ್ಮನಿದ್ದೆ.
ಸಂಜೆಗೆ ಅದರ ಕೆಳಗೆ ಮಲಯಾಳದ ದುಂಡಕ್ಷರ:
ನಾಳೆಯಿಂದ ಕಿಂಡಿಯಿಂದಲೇ ಕೂಗು,
ನಾನು ಬೈಯುವುದಿಲ್ಲ.

ಮದ್ದಿನ ಲಕೋಟೆಗೆ ಸೂರ್ಯ ಚಂದ್ರ ಬರೆದೆವು.
ಬಲು ಜಂಭದಲ್ಲಿ ಕಮಲಾಕ್ಷಕ್ಕನಿಗೆ ತೋರಿಸಿದರೆ
ಚಂದ್ರನಿಗೆ, ಇದೆಂತದು, ಕತ್ತಿಯಾ? ಅಂದರು.
ಸೂರ್ಯ ಜೇಡನ ಹಾಗೆ ಕಂಡಿತಂತೆ.
ಬೆಳಗ್ಗೆಗೆ ಒಂದು ಕೋಳಿ ಬರೆಯಿರಿ ಮಾರಾಯ್ರೆ,
ರಾತ್ರಿಗೆ ಚಾಪೆ.
ಅದೂ ಪುಸ್ತಕದಲ್ಲಿದೆ,
ಹೊಗೆಸೊಪ್ಪಿನ ಕಂದು ಹತ್ತಿದ ಹೆಬ್ಬೆಟ್ಟಿನೊಂದಿಗೆ.

ಕೋಳಿ ಬದಿಯಡ್ಕದ ಬಸ್ಸು ಹತ್ತಿತು,
ಅಲ್ಲಿಂದ ಪೆರ್ಲಕ್ಕೂ ಹೋಯಿತು.
ತಿರುಗಿ ಬಂದ ಲಕೋಟೆಯಲ್ಲಿ ಅವರದೊಂದು ಪುಟ:
ಒಂದೇ ಬಣ್ಣದ ಮುಚ್ಚಳದ ಎರಡು ಬಾಟಲಿ,
ಒಂದು ಮಗು, ಕೂದಲೆಳೆಯಲ್ಲಿ ಉಳಿದದ್ದು.
ಓದಿ, ಎದ್ದು ಹೋಗಿ
ನಮ್ಮ ಕಪಾಟು ತೆರೆದೆ.
ಅವೆರಡೂ ಅಲ್ಲಿ, ಭುಜಕ್ಕೆ ಭುಜ ತಾಗಿಸಿ,
ಎಷ್ಟು ವರ್ಷದಿಂದಲೋ.

ಒಂದನ್ನು ಎತ್ತಿ ಕೆಳಗಿನ ಅಂತಸ್ತಿಗೆ ಇಳಿಸಿದೆ.
ಪೆನ್ನು ಹುಡುಕಿದೆ.
ಹೊರಗೆ ಸಾಲು ಕಾಯುತ್ತಿತ್ತು.
ಕಾಯಲಿ.